ಬಾಗಿಲೊಳಗಿನ ಬಳೆ

ಎಪ್ಪತ್ತರ ದಶಕದಲ್ಲಿ ಮುಂಬಯಿಯ ಪಾರ್ಲೆಯ ನಮ್ಮ ಚಾಳಿನಲ್ಲಿದ್ದ ವಿಜಾಪುರದ ಟ್ಯಾಕ್ಸಿಯವರು ಏನೇ ಮುರಿದರೂ ಕಿವಿಗೆ ಹಿಡಿದು, "ತಡೀರಿ, ಇನ್ನೂ ಜೀವ ಐತಿ" ಅನ್ನುತ್ತಿದ್ದರು.

ಮಗಳ ಮದುವೆಯ ಬೆಳಿಗ್ಗೆ, ಬೀಗರನ್ನು ಮಂಟಪಕ್ಕೆ ಒಯ್ಯಬೇಕಿದ್ದ ಅವರ ಹಳೇ ಟ್ಯಾಕ್ಸಿಯ ಬಾಗಿಲ ಒಳಹಲಗೆ ಕಳಚಿಬಿತ್ತು; ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಕೊಕ್ಕೆಗಳು ಮುರಿದಿದ್ದವು. "ಬ್ಯಾರೆ ಟ್ಯಾಕ್ಸಿ ತರಸ್ರಿ" ಎಂದು ಬೀಗರು ನಕ್ಕರು. ಇವರು ಕೊಕ್ಕೆಯನ್ನು ಕಿವಿಗೆ ಹಿಡಿದರು. ಹಸಿರು ಗಾಜಿನ ಬಳೆ ತೊಡಲು ಮಗಳು ತೆಗೆದಿಟ್ಟಿದ್ದ ಪ್ಲಾಸ್ಟಿಕ್ ಬಳೆಗಳನ್ನು ತಂದು ಕತ್ತರಿಸತೊಡಗಿದರು.

"ಮದುವಿ ದಿನ ಬಳಿ ಕತ್ತರಸ್ತೀರೇನ್ರಿ?" ಎಂದು ಹೆಂಡತಿ ಚೀರಿದರು. ಕೇಳುವವರು ಯಾರು? ಸ್ಟೋವಿನಲ್ಲಿ ಕಾಯಿಸಿದ ಚಾಕುವಿನಿಂದ ಚೂರುಗಳನ್ನು ಕರಗಿಸಿ ಕೊಕ್ಕೆಗಳಿಗೆ ಬೆಸೆದು, ಆರಿದ ಮೇಲೆ ಹಲಗೆ ಕೂರಿಸಿ ಬಾಗಿಲನ್ನು ಧಡ್ಡೆಂದು ಬಡಿದರು.

ಹಲಗೆ ಅಲುಗಲಿಲ್ಲ! ಚಾಳಿನ ಗ್ಯಾಲರಿ ತುಂಬ ಸೀಟಿ. ಅವರು ಬಾಗಿಲು ತೆರೆದು ಹಿಡಿದರು: "ಕುಂದರ್ರಿ ಬೀಗರ, ಅಂಜಬ್ಯಾಡ್ರಿ. ಹಲಿಗಿ ಹಿಡಕೊಂಡಾವು ನನ್ನ ಮಗಳ ಬಳಿಗೋಳು!"