ಮಾವ ಬಾವನಾದ ಬೆಳಗು

ಬಸ್ ನಿಲ್ದಾಣದಲ್ಲಿ ಅವಳಿಗೆ ಮೈಕಮ್ಮ ಎಂದೇ ಹೆಸರು. ಇಟ್ಟವರು ಕಂಡಕ್ಟರುಗಳು. ವಿಚಾರಣೆ ಕಿಟಕಿಯ ಹಿಂದೆ, ಎರಡು ಕುರ್ಚಿ ಹಾಕಿದರೆ ಮೂರನೆಯವರು ನಿಂತೇ ಇರಬೇಕಾದ ಒಂದು ಕೋಣೆ. ಅಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಮದುವೆಗೂ ಮುಂಚಿನಿಂದ ಅದೇ ಕುರ್ಚಿ. ಅವಳ ದನಿ ಕೇಳಿದರೆ ನಿದ್ದೆಗಣ್ಣಿನವರೂ ಸರಿಯಾದ ಬಸ್ಸನ್ನೇ ಹತ್ತುತ್ತಿದ್ದರು. ಆ ಬಗ್ಗೆ ಅವಳಿಗೆ ಸ್ವಲ್ಪ ಜಂಬವಿತ್ತು. ಇದ್ದರೆ ತಪ್ಪೇನೂ ಇಲ್ಲ ಬಿಡಿ.

ಅವಳ ಶತ್ರು ಒಂದೇ, ನೆಗಡಿ. ಹವಾ ಬದಲಾದರೆ ಸಾಕು, ಅದು ಬಂದು ಅವಳ ಮೂಗಿನಲ್ಲಿ ಬಿಡಾರ ಹೂಡುತ್ತಿತ್ತು. ಮೂಗು ಕಟ್ಟಿದರೆ 'ಮ' ಹೋಗಿ 'ಬ' ಆಗುತ್ತದೆ, 'ನ' ಹೋಗಿ 'ದ' ಆಗುತ್ತದೆ. ಬೇರೆಯವರ ಪಾಲಿಗೆ ಇದು ನಗುವ ಮಾತು. ಇವಳಿಗೆ ಅನ್ನದ ಮಾತು. ಹೋದ ವರ್ಷ ನೂರನೇ ನಂಬರಿನ ಬಸ್ಸು ಬಂದಾಗ ಅವಳು "ನೂರು ಬಂದಿದೆ" ಎಂದಿದ್ದಳು. ಊರಿಗೆಲ್ಲ ಕೇಳಿಸಿದ್ದು "ದೂರು ಬದ್ದಿದೆ." ಯಾರ ಮೇಲಪ್ಪಾ ದೂರು ಎಂದು ಕಂಡಕ್ಟರುಗಳು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ನೂರು ಖಾಲಿಯಾಗಿಯೇ ಹೊರಟುಹೋಯಿತು. ಆಮೇಲೆ ನಿಜವಾದ ದೂರೇ ಬಂತು. ಅವಳು ಹಟಕ್ಕೆ ಬಿದ್ದು ಗಂಟಲು ಹರಿಯುವಂತೆ ಕೂಗಿ, ಇದ್ದ ದನಿಯನ್ನೂ ಕಳೆದುಕೊಂಡು ಮನೆಯಲ್ಲಿ ಮಲಗಿದಳು.

ಮ್ಯಾನೇಜರು ಮೆತ್ತಗೇ ಹೇಳಿದ್ದರು. "ನೋಡಿ, ಇನ್ನೊಂದ್ಸಲ ಹೀಗಾದ್ರೆ ಮೆಷೀನ್ ಹಾಕಿಸ್ತೀನಿ. ಅದಕ್ಕೆ ಮೂಗಿಲ್ಲ, ನೆಗಡೀನೂ ಇಲ್ಲ. ನೀವು ಲಗೇಜ್ ರೂಮಿಗೆ ಹೋಗಿ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡೋರ ಕಥೆ ಕೇಳಿದ್ದೆ," ಎಂದಳು ಅವಳು ಮನೆಗೆ ಬಂದು. "ಈ ಮನುಷ್ಯ ನನ್ನನ್ನೇ ಕೊಯ್ದು ಹಾಕ್ತಾನಂತೆ."

ಹಾಗಾಗಿ ಈ ವರ್ಷ ಅವಳು ಮುಂಚೆಯೇ ಟೊಂಕ ಕಟ್ಟಿ ನಿಂತಳು. ಇಬ್ಬರು ಪಾಳಿಯಲ್ಲಿ ಮಾತಾಡುವ ಮೈಕಿಗೆ ತನ್ನದೇ ಬಟ್ಟೆಯ ಗವಸು ಹೊಲಿದು, ದಿನವೂ ಒಗೆದು ಹಾಕಿದಳು. ಚಿಲ್ಲರೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಮುಖದ ಹತ್ತಿರ ತರಲಿಲ್ಲ. ಬೆಳಿಗ್ಗೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ರಾತ್ರಿ ಬೇಗ ಮಲಗುವುದು. ಅಡುಗೆಮನೆ ಅತ್ತೆಯ ರಾಜ್ಯ. ಜಜ್ಜಿದ ಶುಂಠಿ, ಕುಟ್ಟಿದ ಮೆಣಸು ಹಾಕಿದ ನೀರು ಅರ್ಧಕ್ಕೆ ಇಳಿಯುವ ತನಕ ಅವರು ಒಲೆ ಬಿಟ್ಟು ಕದಲುತ್ತಿರಲಿಲ್ಲ. "ಜೇನು ಈಗಲೇ ಹಾಕ್ಬೇಡ, ಸ್ವಲ್ಪ ಆರಲಿ," ಎಂದು ಕೈ ತಡೆಯುತ್ತಿದ್ದರು.

ಮಾವ ಬಸ್ ಓಡಿಸಿ ನಿವೃತ್ತರಾದವರು. ಪರೀಕ್ಷೆ ನಡೆಸುವುದು ಅವರ ಪಾಲಿಗೆ ಬಂತು. ಕಾಫಿ ಲೋಟ ಹಿಡಿದು ಕೂತಲ್ಲಿಂದಲೇ ದಿನಾ ಕೇಳುವರು. "ಎಲ್ಲಿ, ಕರಿ ನೋಡೋಣ."

"ಮಾವ."

"ಪಾಸು. ಹೊರಡು."

ಒಂದು ಬೆಳಿಗ್ಗೆ ಅವಳು ಬಾಯಿ ತೆರೆದು "ಬಾವ" ಎಂದಳು.

ಒಲೆಯ ಮುಂದೆ ಅತ್ತೆಯ ಕೈ ನಿಂತಿತು. ಮಾವ ನಗಬೇಕೆಂದು ಹೊರಟು ನಗಲಿಲ್ಲ. ಅವಳು ಅಲ್ಲೇ ಮಣೆಯ ಮೇಲೆ ಕೂತು ಅತ್ತುಬಿಟ್ಟಳು. ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆ ಕಿವುಚಿದ ಹಾಗಾಯಿತಲ್ಲ ಎಂಬ ಸಂಕಟ, ಲಗೇಜ್ ರೂಮಿನ ಭಯ, ಎರಡೂ ಸೇರಿಕೊಂಡವು.

"ಒಂದಿನ ರಜ ಹಾಕಮ್ಮ," ಎಂದರು ಅತ್ತೆ.

"ದಾದು ರಜ ಹಾಕಿದ್ರೆ ಅವ್ರು ಬೆಷೀದು ಹಾಕ್ತಾರೆ."

"ಗಂಟಲು ಹೇಗಿದೆ?" ಎಂದರು ಮಾವ.

ಗಂಟಲು ಸರಿಯಾಗಿತ್ತು. ಹೋದ ವರ್ಷದ ಉರಿ ಇರಲಿಲ್ಲ, ದನಿ ಒಡೆದಿರಲಿಲ್ಲ. ಹಾಗಾದರೆ ಮಾಡಿದ್ದೆಲ್ಲ ಪೂರ್ತಿ ನೀರುಪಾಲಾಗಿಲ್ಲ.

"ಮತ್ತೆ ಅಳೋದ್ಯಾಕೆ? ದಾರಿ ಕಟ್ಟಿದ್ರೆ ನಾನೇನು ಬಸ್ ನಿಲ್ಲಿಸಿ ಅಳ್ತಾ ಕೂರ್ತಿದ್ನಾ? ಸುತ್ತಿ ಹೋಗ್ತಿದ್ದೆ."

ಅತ್ತೆ ಕುದಿಯುವ ನೀರಿನ ಪಾತ್ರೆ ಮುಂದಿಟ್ಟು ತಲೆಯ ಮೇಲೆ ಕಂಬಳಿ ಹೊದಿಸಿದರು. ಆ ಬಿಸಿ ಕತ್ತಲಲ್ಲಿ ಅವಳು ಅಂಕಿಗಳನ್ನು ಹೇಳಿ ನೋಡಿದಳು. ಮೂರು, ನಾಲ್ಕು ಕೆಟ್ಟುಹೋದವು. ಎರಡು, ಐದು, ಆರು, ಏಳು ತೊಳೆದಿಟ್ಟಂತೆ ಬಂದವು. ಇನ್ನೊಮ್ಮೆ ಹೇಳಿದಳು. ಕಂಬಳಿ ಸರಿಸಿ ಎದ್ದಾಗ ಮುಖ ಕೆಂಪಾಗಿತ್ತು, ಅಳು ಹೋಗಿತ್ತು. ಕಷಾಯವನ್ನು ಫ್ಲಾಸ್ಕಿಗೆ ತುಂಬಿಸಿಕೊಂಡು ಕೆಲಸಕ್ಕೆ ಹೊರಟಳು.

ಅಂದು ನಿಲ್ದಾಣದಲ್ಲಿ ಎಂದಿನ 'ಪ್ರಯಾಣಿಕರ ಗಮನಕ್ಕೆ' ಕೇಳಿಸಲಿಲ್ಲ.

"ಬಸ್ಸಿಗೆ ಕಾದಿರುವವರೇ, ಕೇಳಿ. ಎರಡೈವತ್ತರ ಬಸ್ಸು ಹೊರಡುತ್ತಿದೆ. ಐದರ ಎಡಕ್ಕೆ ಹೋಗಿ, ಬೇಗ ಹತ್ತಿ."

ಜನ ಒಂದು ಗಳಿಗೆ ತಲೆಯೆತ್ತಿ ನಿಂತರು. "ಎರಡು ಐವತ್ತು ಸೇರಿದ್ರೆ ನೂರು ಕಣ್ರೀ," ಎಂದು ಒಬ್ಬ ಕಂಡಕ್ಟರ್ ಕೂಗಿದ. "ಐದರ ಎಡಕ್ಕೆ ಅಂದ್ರೆ ನಾಲ್ಕು. ಮೈಕಮ್ಮ ಇವತ್ತು ಒಗಟು ಹಾಕ್ತಿದ್ದಾಳೆ." ನಗುತ್ತ ಎಲ್ಲರೂ ನಾಲ್ಕಕ್ಕೇ ಓಡಿದರು. ಮೂರನೇ ಅಂಕಣ 'ಎರಡರ ಬಲಕ್ಕೆ' ಆಯಿತು. ಬೇಡದ ಅಕ್ಷರ ನಾಲಿಗೆಯ ತುದಿಗೆ ಬಂದಾಗಲೆಲ್ಲ ಅವಳು ಮೈಕು ಆಫ್ ಮಾಡಿ, ಕಷಾಯ ಗುಟುಕರಿಸಿ, ಬೇರೆ ಮಾತು ಹುಡುಕುವಳು. ಕಿಟಕಿಗೆ ಬಂದವರಿಗೆ ಬೆರಳು ತೋರಿಸಿಯೇ ಉತ್ತರ. ಮಧ್ಯಾಹ್ನ ಚಹಾದ ಅಂಗಡಿಯಾತ ಕೊಟ್ಟ ಬಿಸಿನೀರಿಗೆ ಮುಖ ಒಡ್ಡಿ, ಟವೆಲ್ ಮುಚ್ಚಿಕೊಂಡು ಮತ್ತೆ ಹಬೆ ತೆಗೆದುಕೊಂಡಳು. ತಲೆ ಕಲ್ಲಿನಂತೆ ಭಾರವಾಗಿತ್ತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ, ಯಾರ ಬಸ್ಸೂ ತಪ್ಪಲಿಲ್ಲ.

ಸಂಜೆ ಪಾಳಿ ಮುಗಿಯುವಾಗ ಬಾಗಿಲಲ್ಲಿ ಮ್ಯಾನೇಜರು ಬಂದು ನಿಂತರು. ಕತ್ತಿಗೆ ಮಫ್ಲರು. ಬೆಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ, ಇನ್ನು ಏನಾದರೂ ಆಗಲಿ ಎಂದು ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

ಅವರು ಮೂಗು ಒರೆಸಿಕೊಂಡು ಬಹಳ ಗಂಭೀರವಾಗಿ ಹೇಳಿದರು.

"ಆ ಬೆಷೀದು ಬೇಡ ಬಿಡಿ. ದಾಳೇದೂ ದೀವೇ ಬದ್ದಿ."

ಅವಳು ನಗಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.

"ಲೋಟ ಹಿಡೀರಿ," ಎಂದಳು, ಒಂದಕ್ಷರವೂ ತಪ್ಪದೆ.