ಎತ್ತಿನ ಜ್ವರ, ಚಿಗವ್ವನ ಜ್ವರ

ದನದ ಡಾಕ್ಟರ ಮುಂದೆ ಎಂದಾದರೂ ನಿಮ್ಮ ಕೈ ಚಾಚಿದ್ದೀರಾ? ಅಸುಂಡಿಯ ನಮ್ಮ ಚಿಗವ್ವ (ಅವ್ವನ ತಂಗಿ) ಚಾಚಿದಳು.

ಕಳೆದ ತಿಂಗಳು ಆಕೆಯ ಎತ್ತಿಗೆ ಜ್ವರ ಬಂತು. ದನದ ಡಾಕ್ಟರು ಮನೆಗೇ ಬಂದರು. ಎಷ್ಟು ದಿನವಾಯಿತು, ಓಣಿಯ ಬೇರೆ ದನಗಳಿಗೂ ಇದೆಯಾ, ಸೊಳ್ಳೆ ಜಾಸ್ತಿಯಾ, ಎಲ್ಲ ಕೇಳಿದರು. ಲ್ಯಾಬಿಗೆ ಕಳಿಸಲು ರಕ್ತ ತೆಗೆದರು. ಎರಡು ದಿನದಿಂದ ಚಿಗವ್ವನಿಗೂ ಮೈ ಸುಡುತ್ತಿತ್ತು. ಸೆರಗು ಸರಿಸಿ ಕೈ ಮುಂದೆ ಮಾಡಿದಳು.

"ಹಂಗ ನಂದೂ ಒಂಚೂರು ತೊಗೊಂಡು ಹೋಗ್ರಿ ಸಾಹೇಬ್ರ."

"ಯವ್ವಾ, ನಾ ದನದ ಡಾಕ್ಟರ್ ಅದೇನಿ. ನೀವು ಗದಗಕ್ಕ ಹೋಗ್ರಿ" ಎಂದು ಅವರು ನಕ್ಕರು.

ಗದಗಿನ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಡೆಂಗ್ಯೂ ನೆಗೆಟಿವ್. ಮಲೇರಿಯಾ ನೆಗೆಟಿವ್. ಚಿಕೂನ್‌ಗುನ್ಯಾ ಕೂಡ ನೆಗೆಟಿವ್. "ನಮ್ಮ ಎತ್ತಿಗೂ ಜ್ವರ ಬಂದಿತ್ರಿ" ಎಂದು ಚಿಗವ್ವ ಶುರು ಮಾಡಿದಳು. ನಾನು ಮೊಣಕೈಯಿಂದ ತಿವಿದು ಸುಮ್ಮನಾಗಿಸಿದೆ. (ಆಸ್ಪತ್ರೆಯಲ್ಲಿ ಎತ್ತಿನ ಸುದ್ದಿ ಎಂಥದು ಎಂಬ ನಾಚಿಕೆ ನನಗೆ.) ಡಾಕ್ಟರು ಚೀಟಿಯಲ್ಲಿ 'ವೈರಲ್ ಫೀವರ್' ಎಂದು ಬರೆದರು. ಮುಗಿಯಿತು.

ವೈರಲ್ ಸರಿ, ಯಾವ ವೈರಸ್? ದನ, ಹಂದಿ, ಹಕ್ಕಿಗಳಲ್ಲಿರುವ ಕೆಲವು ವೈರಸ್‌ಗಳನ್ನು ಸೊಳ್ಳೆಗಳು ಮನುಷ್ಯರಿಗೂ ತರುತ್ತವೆ. ಮೂರು ಟೆಸ್ಟ್ ಮಾಡಿ ಮೂರೂ ಅಲ್ಲ ಅಂದಮೇಲೆ ನಾಲ್ಕನೆಯದನ್ನು ಹುಡುಕುವವರು ಯಾರು? ಹುಡುಕದೆ ಸಿಗುವುದಾದರೂ ಹೇಗೆ? ನೆಗೆಟಿವ್ ಅಂದರೆ ಏನೂ ಇಲ್ಲ ಎಂದುಕೊಂಡು ನಾವೂ ಮನೆಗೆ ಬರುತ್ತೇವೆ.

ಚಿಗವ್ವನ ಮನೆಯಲ್ಲಿ ದನ ಕಟ್ಟುವ ಜಾಗವೂ ಮಲಗುವ ಪಡಸಾಲೆಯೂ ಒಂದೇ ಸೂರಿನಡಿ. ಸಂಜೆ ಎತ್ತುಗಳಿಗೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಾಳೆ. ಸೊಳ್ಳೆಗಳು ಅಲ್ಲಿಂದ ಎದ್ದು ನೆಟ್ಟಗೆ ಪಡಸಾಲೆಗೆ ಬರುತ್ತವೆ. ಕೇಳಿದರೆ, "ಮೂಕ ಪ್ರಾಣಿ, ಅದಕ್ಕ ಹೇಳಾಕ ಬರೂದಿಲ್ಲ. ನಮಗರ ಬಾಯಿ ಐತಿ" ಅನ್ನುತ್ತಾಳೆ.

ಜ್ವರವೇನೋ ಇಳಿಯಿತು. ಜ್ವರದ ಜೊತೆ ಬಿಗಿದುಕೊಂಡ ಬಲಗೈ ಬೆರಳು ಇನ್ನೂ ಮಡಚುತ್ತಿಲ್ಲ. ನಲವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಈಗ ಸೊಸೆ ಬಡಿಯುತ್ತಾಳೆ, ಈಕೆ ನೋಡುತ್ತ ಕೂರುತ್ತಾಳೆ. "ಏನ್ ಬಂದಿತ್ತಂತ ಗೊತ್ತಾಗಿದ್ರ, ಕೈ ಮೊದಲಿನಂಗ ಆಗೂದೋ ಇಲ್ಲೋ ಅಂತರ ತಿಳೀತಿತ್ತು" ಅಂದಳು.

ಮೊನ್ನೆ ಫೋನ್ ಮಾಡಿದ್ದಳು.

"ಎತ್ತು ಹೆಂಗೈತಿ ಅಂತ ಕೇಳಾಕ ದನದ ಡಾಕ್ಟರು ಮತ್ತ ಬಂದಿದ್ರು ತಮ್ಮಾ. ನನ್ನ ಕೇಳಾಕ ಯಾರರ ಬರ್ತಾರೇನು?"

ಬಾಯಿದ್ದವಳು ಡಾಕ್ಟರ ಮುಂದೆ ಎತ್ತಿನ ಜ್ವರ ಹೇಳಹೊರಟಾಗ ತಿವಿದು ಸುಮ್ಮನಾಗಿಸಿದವನು ನಾನೇ.