ಕೋರ್ಟಿನ ಪುಟದಲ್ಲಿ ಒಂದು ಹೆಸರು

ನನ್ನ ತಂಗಿ ತೀರಿಕೊಂಡ ಹದಿನೇಳನೆಯ ದಿನ ನಾನು ಗೋಕಾಕದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದೆ. ಅದಕ್ಕೂ ಮೊದಲು ಯಾವತ್ತೂ ಹತ್ತಿರಲಿಲ್ಲ. ಮಕ್ಕಳ ಮೈಮುಟ್ಟಿದವರ ಪಟ್ಟಿಯಲ್ಲಿ ಒಬ್ಬ ಮನುಷ್ಯನ ಹೆಸರು ಇದೆಯೋ ಇಲ್ಲವೋ ಕೇಳಬೇಕಾಗಿತ್ತು. ಕೇಳಿದ್ದು ನಮ್ಮವರಿಗೆ ಯಾರಿಗೂ ಗೊತ್ತಾಗಬಾರದಿತ್ತು.

ತಂಗಿಯನ್ನು ಮೂಡಲಗಿಗೆ ಕೊಟ್ಟಿದ್ದೆವು. ಕಾಮಣಿ, ಅಂದರೆ ಕಾಮಾಲೆ ರೋಗ, ಎಂದು ಗಿಡಮೂಲಿಕೆಯ ಔಷಧ ಕುಡಿಯುತ್ತ ಕೂತಳು. ದವಾಖಾನೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಅವಳಿಗೆ ಒಬ್ಬಳೇ ಮಗಳು, ಎಂಟು ವರ್ಷ. ತಂಗಿಯ ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಹುಡುಗಿಯನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಮಣ್ಣು ಕೊಟ್ಟು ಬಂದ ಮರುದಿನವೇ ಶುರುವಾಯಿತು. ಆಗ ಮುಂದೆ ಬಂದವನು ಆ ಮನುಷ್ಯ. ತಂಗಿಯ ಗಂಡನಿಗೆ ಕಾಕಾನ, ಅಂದರೆ ಚಿಕ್ಕಪ್ಪನ, ಮಗ; ಹುಡುಗಿಗೆ ಕಾಕಾ. ಹುಕ್ಕೇರಿಯಲ್ಲಿ ಮನೆ. ಮಕ್ಕಳಿಲ್ಲ. ಮೊದಲು ಕೌಜಲಗಿಯಲ್ಲಿ ಟ್ಯೂಷನ್ ಹೇಳುತ್ತಿದ್ದನಂತೆ. ಸಾವಿನ ಮನೆಯಲ್ಲಿ ಅವನಷ್ಟು ದುಡಿದವರು ಯಾರೂ ಇಲ್ಲ. ಬಂದವರಿಗೆ ಚಹಾ ಕೊಟ್ಟವನು, ನೀರಿನ ಟ್ಯಾಂಕರ್ ತರಿಸಿದವನು ಅವನೇ. "ಕೂಸು ನಮ್ಮ ಮನ್ಯಾಗ ಇರ್ಲಿ, ಸಾಲಿಗೆ ನಾನ ಹಚ್ತೇನಿ," ಅಂದಾಗ ಎಲ್ಲರ ಎದೆ ಹಗುರಾಯಿತು. ನನ್ನದೂ ಆಯಿತು.

ಹನ್ನೆರಡನೆಯ ದಿನ ಕೌಜಲಗಿಯಿಂದ ಒಬ್ಬ ಮುದುಕಿ ಮಾತಾಡಿಸಲು ಬಂದಿದ್ದಳು. ನನ್ನ ಬಾಜೂಕ ಕೂತು ಅತ್ತಳು. ಏಳುವಾಗ ನನ್ನ ಕೈ ಹಿಡಿದು, ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದ ಅವನ ಕಡೆ ಕಣ್ಣು ಮಾಡಿ, "ಅಂವ ನಮ್ಮೂರಾಗ ಟ್ಯೂಷನ್ ಯಾಕ ಬಂದ್ ಮಾಡಿದಾ ಅಂತ ಯಾರರೆ ಕೇಳೀರೇನು?" ಅಂದಳು.

"ಯಾಕ್ರಿ ಯಮ್ಮಾ?"

"ನಾ ಏನೂ ಹೇಳಿಲ್ಲವಾ. ನನ್ನ ಹೆಸರು ತಗೀಬ್ಯಾಡ."

ಅಷ್ಟಂದು ಸೆರಗು ಹೊದ್ದು ಹೊರಟುಬಿಟ್ಟಳು.

ಠಾಣೆಯಲ್ಲಿ ಒಬ್ಬ ಮಹಿಳಾ ಪೇದೆ ಕೂತಿದ್ದಳು. ನನಗಿಂತ ಸಣ್ಣವಳು. ನಾನು ನನ್ನ ಊರು, ಅವನ ಊರು ಹೇಳದೆ ಸುತ್ತಿ ಬಳಸಿ ಕೇಳಿದೆ. ಅವಳಿಗೆ ಕೂಡಲೇ ತಿಳಿಯಿತು.

"ಅಂಥಾ ಪಟ್ಟಿ ಐತ್ರಿ ಅಕ್ಕಾರ. ಆದ್ರ ಅದು ನಮ್ಮ ಇಲಾಖೆ ಮಂದಿಗಷ್ಟ. ಬ್ಯಾರೆ ದೇಶದಾಗ ಯಾರ ಬೇಕಾದವ್ರು ನೋಡಬಹುದಂತ. ನಮ್ಮಲ್ಲಿ ಹೊರಗಿನವ್ರಿಗೆ ತೋರ್ಸಾಕ ಬರಂಗಿಲ್ಲ."

"ಹಂಗಾರ ನನ್ನಂಥಾಕಿ ಏನ ಮಾಡಬೇಕ್ರಿ?"

"ಕೋರ್ಟಿನ ವೆಬ್‌ಸೈಟ್ ಐತಲ್ರಿ, ಅದು ಎಲ್ಲಾರಿಗೂ. ಮೊಬೈಲ್ ತಗೀರಿ." ನನ್ನ ಫೋನಿನಲ್ಲಿ ಅವಳೇ ತೆಗೆದು ತೋರಿಸಿದಳು. ರಾಜ್ಯ, ಜಿಲ್ಲೆ, ಯಾವ ಊರಿನ ಕೋರ್ಟು, ಯಾವ ವರ್ಷ, ಆಮೇಲೆ ಹೆಸರು. "ಮನಿ ಎಲ್ಲೈತಿ ಅಂತ ಅಲ್ಲಷ್ಟ ಹುಡುಕಬ್ಯಾಡ್ರಿ. ಎಲ್ಲಿ ಆಗಿರತೈತಿ ಅದರ ಮ್ಯಾಲ ಕೋರ್ಟು. ಸಣ್ಣ ಮಕ್ಕಳ ಕೇಸು ತಾಲೂಕಿನ ಸಣ್ಣ ಕೋರ್ಟಿನ್ಯಾಗ ನಡಿಯಂಗಿಲ್ಲ, ಮ್ಯಾಲಿನ ಕೋರ್ಟಿಗೆ ಹೋಗ್ತಾವ. ನಡದಿದ್ದೂ ನೋಡ್ರಿ, ಮುಗದಿದ್ದೂ ನೋಡ್ರಿ." ಫೋನು ವಾಪಸು ಕೊಡುತ್ತ ನಕ್ಕಳು. "ಲಗ್ನಕ್ಕ ಮೊದಲ ನನ್ನ ಗಂಡನ ಹೆಸರೂ ಹಾಕಿ ನೋಡೇನ್ರಿ. ಒಂದ ಕೋಳಿ ಕದ್ದ ಕೇಸೂ ಇರಲಿಲ್ಲ. ಅಷ್ಟ ಸಪ್ಪನ ಮನಷ್ಯಾ."

ನಾನೂ ನಕ್ಕೆ. ತಂಗಿ ಹೋದ ಮೇಲೆ ಅದೇ ಮೊದಲು. ಮೆಟ್ಟಿಲಿಳಿಯುವಾಗ ನಕ್ಕದ್ದಕ್ಕೆ ನಾಚಿಕೆಯಾಯಿತು.

ನಾನು ಕಲಿತದ್ದು ಹತ್ತನೆಯ ಇಯತ್ತೆ, ಮಾಡುವುದು ಹೊಲಿಗೆ. ಫೋನಿನ ಕೆಲಸ ಏನಿದ್ದರೂ ತಂಗಿಯೇ ಮಾಡಿಕೊಡುತ್ತಿದ್ದಳು. ಮನೆಗೆ ಬಂದು ಆ ಪುಟ ತೆರೆದಾಗ ಅವಳಿಗೆ ಫೋನ್ ಹಚ್ಚಿ ಕೇಳೋಣ ಎಂದು ಕೈ ತಾನಾಗಿ ಅವಳ ನಂಬರಿಗೆ ಹೋಯಿತು. ಆಮೇಲೆ ಅವನ ಹೆಸರು ಹಾಕಿದೆ. ಅದು ಓಣಿಗೆ ನಾಲ್ಕು ಜನರಿಗಿರುವ ದೇವರ ಹೆಸರು. ಸಾಲು ಸಾಲು ಕೇಸು ಬಂದವು. ಹೊಲದ ಬದುವಿನ ಜಗಳ, ಚೆಕ್ಕು, ಮೋಟಾರ್ ಅಪಘಾತ. ಅವುಗಳಲ್ಲಿ ಅವನು ಯಾರು, ಯಾರಲ್ಲ? ಹಾಗಾಗಿ ಹೆಸರಿನ ಜೊತೆ ಅವನ ತಂದೆಯ ಹೆಸರು, ತಂಗಿಯ ಗಂಡನ ಮನೆತನದ ಅಡ್ಡಹೆಸರು ಸೇರಿಸಿದೆ. ಕಾಕಾನ ಮಗ ಎಂದ ಮೇಲೆ ಅಡ್ಡಹೆಸರು ಒಂದೇ ಇರಬೇಕಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ, ಬೆಳಗಾವಿ, ನಾಲ್ಕೂ ಕಡೆ, ಒಂದೊಂದೇ ವರ್ಷ ಬದಲಿಸುತ್ತ ಮೂರು ದಿನ ಹುಡುಕಿದೆ. ಎಲ್ಲ ಕಡೆಯೂ ಒಂದೇ ಉತ್ತರ, ದಾಖಲೆ ಸಿಕ್ಕಿಲ್ಲ.

ತಂಗಿಯ ಗಂಡನಿಗೆ ಹೇಳಿಬಿಟ್ಟೆ. ಹೇಳಬಾರದಿತ್ತು. ಹೀಗೊಂದು ಮಾತು ಕಿವಿಗೆ ಬಿದ್ದಿತ್ತು, ಕೋರ್ಟಿನ ಪುಟದಲ್ಲಿ ನೋಡಿದೆ, ಏನೂ ಇಲ್ಲ ಎಂದೆ. ಅವರು ಬೇಸರದಿಂದ ತಲೆ ಅಲ್ಲಾಡಿಸಿದರು. "ಸತ್ತ ಮನಿಗೆ ಬಂದು ಮಂದಿ ಇಂಥಾ ಮಾತಾಡ್ತಾರ. ನೀವೂ ಕೇಳ್ತೀರಿ ಅಕ್ಕಾರ." ಸೋಮವಾರ ಮುಂಜಾನೆ ಹುಡುಗಿಯನ್ನು ಹುಕ್ಕೇರಿಗೆ ಬಿಟ್ಟು ಬಂದರು. ಅಲ್ಲಿಯವರೆಗೆ ಕಳಿಸಲೋ ಬೇಡವೋ ಎಂದು ಅವರೂ ಅನುಮಾನದಲ್ಲೇ ಇದ್ದರೆಂದು ನನಗೆ ಆಮೇಲೆ ತಿಳಿಯಿತು. ಅವರ ಅನುಮಾನ ಕಳೆದದ್ದು ನನ್ನ ಮಾತಿನಿಂದ.

ತೀರಿಹೋದ ಹೆಣ್ಣುಮಗಳ ಟ್ರಂಕನ್ನು ತವರಿನವರೇ ತೆಗೆಯಬೇಕು ಎಂಬುದು ನಮ್ಮ ಮನೆತನಗಳಲ್ಲಿ ರೂಢಿ. ಗುರುವಾರ ನಾನು ಮೂಡಲಗಿಗೆ ಹೋಗಿ ತಂಗಿಯ ಟ್ರಂಕು ತೆಗೆದೆ. ನಾನೇ ಹೊಲಿದ ಜಂಪರುಗಳು, ಮಡಿಕೆ ಮುರಿಯದ ಎರಡು ಇಳಕಲ್ ಸೀರೆ. ಅವುಗಳ ಕೆಳಗೆ ಅವಳ ಮದುವೆಯ ಕಾರ್ಡು. ನಮ್ಮ ಕಡೆ ಕಾರ್ಡಿನಲ್ಲಿ ಬೀಗರು ಬಿಜ್ಜರನ್ನೆಲ್ಲ ಮನೆತನವಾರು ಹಾಕಿಸುತ್ತಾರೆ, ಒಬ್ಬರ ಹೆಸರು ಬಿಟ್ಟರೂ ಜಗಳ. ಅವಳ ಹೆಸರನ್ನು ನೋಡುತ್ತ ಕೂತವಳು ಹಾಗೇ ಕೆಳಗಿನ ಹೆಸರುಗಳನ್ನೂ ಓದುತ್ತ ಹೋದೆ. ವರನ ಮನೆತನದ ಸಾಲಿನಲ್ಲಿ ಆ ಮನುಷ್ಯ ಇರಲಿಲ್ಲ. ಅವನಿದ್ದದ್ದು ಹುಕ್ಕೇರಿಯಲ್ಲಿರುವ ಅವನ ಸೋದರಮಾವನ ಮನೆತನದಲ್ಲಿ. ಆ ಮನೆಯ ಅಡ್ಡಹೆಸರು, ತಂದೆಯ ಜಾಗದಲ್ಲಿ ಸೋದರಮಾವನ ಹೆಸರು, ಪಕ್ಕದಲ್ಲಿ ಕಂಸದೊಳಗೆ ದತ್ತಕ ಪುತ್ರ ಎಂದು.

ಅವನನ್ನು ಸಣ್ಣವನಿದ್ದಾಗಲೇ ದತ್ತಕ ಕೊಟ್ಟಿದ್ದರು. ಬಾಯಿಮಾತಿನಲ್ಲಿ ಅವನು ಇನ್ನೂ ಈ ಮನೆಯ ಕಾಕಾನ ಮಗ. ಕಾಗದದಲ್ಲಿ ಬೇರೆ ಮನೆಯ ಮಗ. ನಾನು ಮೂರು ದಿನ ಹುಡುಕಿದ್ದು ಕಾಗದದಲ್ಲಿ ಇಲ್ಲದ ಮನುಷ್ಯನನ್ನು.

ಟ್ರಂಕಿನ ಮುಂದೆಯೇ ಕೂತು ಹೊಸ ಹೆಸರು ಹಾಕಿದೆ. ಎರಡು ಸಲ ಅಕ್ಷರ ತಪ್ಪಿತು. ಮೂರನೆಯ ಸಲ ಒಂದೇ ಒಂದು ಸಾಲು ಬಂತು. ಮೇಲಿನ ಕೋರ್ಟು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ, ಪೋಕ್ಸೊ. ಆ ಕೇಸಿನ ಮಗುವಿನ ಹೆಸರು ಎಲ್ಲೂ ಇಲ್ಲ, ಇರಬಾರದೂ ಕೂಡ. ಆರೋಪಿಯ ಹೆಸರಿತ್ತು, ತಂದೆಯ ಹೆಸರಿತ್ತು, ಅಡ್ಡಹೆಸರಿತ್ತು. ಸಾಕ್ಷಿ ಹೇಳಿಕೆಗೆ ಮುಂದಿನ ತಾರೀಖು ಕೊಟ್ಟಿದ್ದರು.

ತೀರ್ಪು ಆಗಿರಲಿಲ್ಲ. ನಾಳೆ ಅವನು ತಪ್ಪಿಲ್ಲವೆಂದು ಬಿಡುಗಡೆಯಾಗಲೂಬಹುದು, ಅದನ್ನು ನಾನು ಆಗಲೂ ಮನಸ್ಸಿಗೆ ಹೇಳಿಕೊಂಡೆ. ಆದರೆ ಅಲ್ಲಿಯತನಕ ತಂಗಿಯ ಮಗಳು ಆ ಮನೆಯಲ್ಲಿ ಇರುವುದು ಬೇಡ. ತಂಗಿಯ ಗಂಡ ಕಾರ್ಖಾನೆಯಲ್ಲಿದ್ದರು, ಫೋನ್ ಎತ್ತಲಿಲ್ಲ. ಟ್ರಂಕು ತೆರೆದಿದ್ದಂತೆಯೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ಗೋಕಾಕದಲ್ಲಿ ಇಳಿದು ಹುಕ್ಕೇರಿ ಬಸ್ಸು ಹಿಡಿದೆ. ಬೆಲ್ಲದ ಬಾಗೇವಾಡಿಯಲ್ಲಿ ಡ್ರೈವರ್ ಚಹಾಕ್ಕೆ ಇಳಿದ. "ಎಷ್ಟೊತ್ತ್ರಿ?" ಎಂದು ಕಂಡಕ್ಟರನ ಮೇಲೆ ಕೂಗಿದೆ. "ಯಾಕ್ರಿ ಅವ್ವಾ, ಲಗ್ನದ ಅಕ್ಕಿಕಾಳ ತಪ್ಪತಾವೇನು?" ಅಂದ. ಮುಂದಿನ ಸೀಟಿನವರು ನಕ್ಕರು. ಸೋಮವಾರದಿಂದ ಎಷ್ಟು ದಿನವಾಯಿತು ಎಂದು ನಾನು ಬೆರಳು ಮಡಿಸುತ್ತಿದ್ದೆ. ಎಷ್ಟು ಸಲ ಎಣಿಸಿದರೂ ನಾಲ್ಕೇ.

ಹೋದಾಗ ಮನೆಯ ಬಾಗಿಲು ತೆರೆದಿತ್ತು. ಹುಡುಗಿ ಪಡಸಾಲೆಯಲ್ಲಿ ಮಗ್ಗಿ ಬರೆಯುತ್ತಿದ್ದಳು. ಅವನು ಎದುರಿಗೆ ಕುರ್ಚಿಯಲ್ಲಿದ್ದ. ಅವನ ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಅಕ್ಕಾರ, ಒಮ್ಮಿಂದೊಮ್ಮಿಗೆ?"

"ನಾಳೆ ತಂಗಿ ಫೋಟೋಕ್ಕ ಪೂಜಿ ಐತ್ರಿ. ಮಗಳ ಕೈಲೆ ಹೂವ ಏರಿಸಬೇಕಂತ. ಕರಕೊಂಡ ಹೋಗಾಕ ಬಂದೇನಿ." ಬಸ್ಸಿನಲ್ಲಿ ಕಟ್ಟಿಕೊಂಡ ಸುಳ್ಳು.

"ಪೂಜಿ? ನನಗ ಯಾರೂ ಹೇಳಿಲ್ಲಲ್ರಿ." ಅವನು ನನ್ನ ಮುಖವನ್ನೇ ನೋಡಿದ. "ಇರ್ಲಿ ಬಿಡ್ರಿ. ನಾಳೆ ಮುಂಜಾನೆ ನಾನ ಗಾಡಿ ಮ್ಯಾಲ ತಂದು ಬಿಡ್ತೇನಿ."

"ಬ್ಯಾಡ್ರಿ. ಇವತ್ತ ತಲಿ ಎರೀಬೇಕು."

"ತಲಿ ಇಲ್ಲೇ ಎರದ್ರಾತಲ್ರಿ. ನೀರಿಗೇನ ಬರಾ ಐತೇನು?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. "ದೊಡ್ಡವ್ವಾ, ಏಳರ ಮಗ್ಗಿ ಮುಗದಿಲ್ಲ," ಎಂದಳು ಹುಡುಗಿ.

ಆಗ ಅವನ ಹೆಂಡತಿ, ಹುಡುಗಿಯ ಕಾಕು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನನ್ನೂ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. "ಹೋಗ್ಲಿ ಬಿಡ್ರಿ. ತಾಯಿ ಪೂಜಿ ಅಂದ ಮ್ಯಾಲ ಬ್ಯಾಡ ಅನಬಾರ್ದು," ಎಂದು ಹುಡುಗಿಯ ಚೀಲ ತೆಗೆದುಕೊಂಡಳು. ಗೂಟದ ಮೇಲಿನ ಅಂಗಿ ಹಾಕಿದಳು. ಸಾಲೆಯ ಪುಸ್ತಕಗಳನ್ನು ಹಾಕಿದಳು. ಹಿತ್ತಲಿಗೆ ಹೋಗಿ ಹಗ್ಗದ ಮೇಲಿನ ಇನ್ನೂ ಹಸಿಯಾಗಿದ್ದ ಲಂಗ ತಂದು ಹಿಂಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದನ್ನೂ ತುರುಕಿದಳು. ಬಾಚಣಿಕೆ, ರಿಬ್ಬನ್ನು, ಚಪ್ಪಲಿಯ ಇನ್ನೊಂದು ಜೋಡು. ಒಂದು ದಿನದ ಪೂಜೆಗೆ ಹೊರಟ ಹುಡುಗಿಯ ಒಂದು ವಸ್ತುವನ್ನೂ ಆ ಮನೆಯಲ್ಲಿ ಉಳಿಸಲಿಲ್ಲ.

ಬಸ್ಸಿನಲ್ಲಿ ಹುಡುಗಿಯನ್ನು ಮೆಲ್ಲಗೆ ಕೇಳಿದೆ. ಎಲ್ಲಿ ಮಲಗುತ್ತಿದ್ದಿ, ಯಾರ ಜೊತೆ.

"ಕಾಕು ಬಾಜೂಕ. ಕಾಕು ಬಾಗಲಾ ಚಿಲಕಾ ಹಾಕ್ತಿದ್ಲು. ಒಂದಕ್ಕ ಹೋಗೂದಿದ್ರೂ ಆಕೀನ ಬರ್ತಿದ್ಲು. ನಾ ಏನ ಸಣ್ಣಾಕಿ ಅದೇನೇನು?"

ನಾನು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಅತ್ತೆ. ಅವ್ವನ ನೆನಪಾಗಿ ಅಳುತ್ತಿದ್ದೇನೆ ಎಂದುಕೊಂಡು ಹುಡುಗಿ ನನ್ನ ಬೆನ್ನು ಸವರಿದಳು.

ಪಾಳಿ ಮುಗಿಸಿ ತಂಗಿಯ ಗಂಡ ಸಂಜೆ ಗೋಕಾಕಕ್ಕೆ ಬಂದರು. ಸಿಟ್ಟಿನಲ್ಲಿದ್ದರು. ಅವನು ಫೋನ್ ಮಾಡಿದ್ದನಂತೆ. ನಾನು ಕೋರ್ಟಿನ ಪುಟ ತೋರಿಸಿದೆ.

"ಏನೂ ಇಲ್ಲ ಅಂತ ನೀವ ಹೇಳಿದ್ರಲ್ಲ!"

"ತಪ್ಪ ಹೆಸರ ಹುಡುಕಿದ್ದೆ. ದತ್ತಕ ಹೋಗ್ಯಾನಂತ ನನಗ ಗೊತ್ತಿರಲಿಲ್ಲ."

"ಊರಿಗೆಲ್ಲಾ ಗೊತ್ತೈತಿ, ನಿಮಗ ಗೊತ್ತಿಲ್ಲ." ಎರಡು ಸಲ ಓದಿದರು. "ಕೇಸ್ ಯಾರ ಮ್ಯಾಲ ಬೇಕಾದ್ರೂ ಹಾಕ್ತಾರ್ರಿ. ನಮ್ಮ ಅಣ್ಣತಮ್ಮ ಅಂವ. ನಾಳೆ ನಾಕ ಮಂದಿ ಏನಂತಾರು?"

ನಾನು ಜಗಳಾಡುವವಳಲ್ಲ. ಹುಡುಗಿಯ ಚೀಲ ತಂದು ಅವರ ಕಾಲ ಹತ್ತಿರ ಇಟ್ಟೆ. "ಹಂಗಾರ ನೀವ ಒಯ್ದು ಬಿಟ್ಟ ಬರ್ರಿ," ಎಂದೆ.

ಚೀಲದ ಬಾಯಿಂದ ಹಸಿ ಲಂಗದ ಪ್ಲಾಸ್ಟಿಕ್ಕು ಹೊರಗೆ ಚಾಚಿತ್ತು. ಅವರು ಅದನ್ನು ಬಿಚ್ಚಿ ನೋಡಿದರು. ಯಾರು ಕಟ್ಟಿಕೊಟ್ಟರು ಎಂದು ಕೇಳಿದರು. ಹೇಳಿದೆ. ಎದ್ದು ಹೋಗಿ ಲಂಗವನ್ನು ನಮ್ಮ ಹಗ್ಗದ ಮೇಲೆ ಒಣಹಾಕಿದರು.

ಹುಡುಗಿಯನ್ನು ನಮ್ಮ ಓಣಿಯ ಸಾಲೆಗೆ ಹಚ್ಚಿದೆವು. ಮಗುವನ್ನು ಕರೆದುಕೊಂಡು ಹೋಗಲು ಯಾರು ಯಾರು ಬರುತ್ತಾರೆ ಎಂದು ಸಾಲೆಯ ಶಿಕ್ಷಕಿ ಬಾಯಾರು ಕೇಳಿದರು. ತಂಗಿಯ ಗಂಡ ತಮ್ಮ ಹೆಸರು ಬರೆಸಿದರು, ನನ್ನ ಹೆಸರು ಬರೆಸಿದರು. "ಕಾಕಾ, ಮಾವ, ಮತ್ತ ಯಾರರೆ?" ಎಂದರು ಬಾಯಾರು.

"ಇಬ್ಬರ ಸಾಕ್ರಿ," ಅಂದರು ಅವರು. "ಬ್ಯಾರೆ ಯಾರ ಬಂದು ಏನ ಸಂಬಂಧ ಹೇಳಿದ್ರೂ ಕಳಸಬ್ಯಾಡ್ರಿ."